ಹೋದವರಿಗೆ ಹಾರ, ಉಳಿದವರಿಗೆ ಅನುಮಾನ

ನಂಜನಗೂಡಿನಲ್ಲಾಗಲಿ ಟಿ. ನರಸೀಪುರದಲ್ಲಾಗಲಿ, ಯಾರದಾದರೂ ಮಗ ಅಮೆರಿಕದ ಪೌರನಾದ ಎಂಬ ಸುದ್ದಿ ಬಂದರೆ ಆ ಮನೆಯವರನ್ನು ಊರು ಅಭಿನಂದಿಸುತ್ತದೆ. ಹಬ್ಬಕ್ಕೋ ಮದುವೆಗೋ ಆತ ಊರಿಗೆ ಬಂದಾಗ ಓದಿದ ಶಾಲೆಯವರು ಕರೆದು ಶಾಲು ಹೊದಿಸುತ್ತಾರೆ, ಹಾರ ಹಾಕುತ್ತಾರೆ, ಮಕ್ಕಳಿಗೆ ಅವನಿಂದ ನಾಲ್ಕು ಹಿತವಚನ ಹೇಳಿಸುತ್ತಾರೆ. ಇದರಲ್ಲಿ ತಪ್ಪೇನೂ ಇಲ್ಲ. ಆದರೆ ಇದೇ ಊರಿನಲ್ಲಿ ಹುಟ್ಟಿ, ಇದೇ ಊರಿನ ಗ್ಯಾರೇಜಿನಲ್ಲೋ ಹಣ್ಣಿನ ಮಂಡಿಯಲ್ಲೋ ರೇಷ್ಮೆ ನೂಲಿನ ಕೆಲಸದಲ್ಲೋ ಬದುಕು ಸವೆಸಿ, ಕಡೆಗೆ ಇದೇ ಊರಿನ ಖಬರಸ್ತಾನದಲ್ಲಿ ಮಣ್ಣಾಗುವ ಮನುಷ್ಯನ ಕಿವಿಗೆ ಬೀಳುವ ಮಾತೇ ಬೇರೆ. ಒಂದು ಸಣ್ಣ ಜಗಳ, ಒಂದು ಕ್ರಿಕೆಟ್ ಪಂದ್ಯ, ಒಂದು ಚುನಾವಣೆ ಸಾಕು: 'ಇಲ್ಲಿರೋಕೆ ಇಷ್ಟವಿಲ್ಲದಿದ್ದರೆ ಪಾಕಿಸ್ತಾನಕ್ಕೆ ಹೋಗು.'

ದೇಶ ಬಿಟ್ಟವನಿಗೆ ಹಾರ; ಬಿಡದವನಿಗೆ ಅನುಮಾನ. ಈ ಎರಡು ತಕ್ಕಡಿಗಳ ನ್ಯಾಯವನ್ನು ನಾವು ಪ್ರಶ್ನಿಸಲೇಬೇಕಾಗಿದೆ.

ಪ್ರಶ್ನಿಸುವ ಮುನ್ನ ಒಂದು ಮಾತು ಸ್ಪಷ್ಟವಾಗಲಿ. ವಲಸೆ ಅಪರಾಧವಲ್ಲ. ತನ್ನ ದೇಶವನ್ನೂ ಸೇರಿದಂತೆ ಯಾವುದೇ ದೇಶವನ್ನು ಬಿಟ್ಟು ಹೋಗುವ, ತನ್ನ ದೇಶಕ್ಕೆ ಮರಳುವ ಹಕ್ಕು ಎಲ್ಲರಿಗೂ ಇದೆ ಎಂದು 1948ರ ಮಾನವ ಹಕ್ಕುಗಳ ಸಾರ್ವತ್ರಿಕ ಘೋಷಣೆಯ 13ನೇ ವಿಧಿ ಹೇಳುತ್ತದೆ. ನಮ್ಮ ಜಿಲ್ಲೆಗೆ ಇದನ್ನು ಯಾರೂ ಹೊಸದಾಗಿ ಕಲಿಸಬೇಕಿಲ್ಲ. 1960ರ ದಶಕದ ಆರಂಭದಲ್ಲಿ ಅಂದಿನ ಮೈಸೂರು ಸರ್ಕಾರ ದೇಶ ಕಳೆದುಕೊಂಡು ಬಂದ ಟಿಬೆಟನ್ನರಿಗೆ ಪಿರಿಯಾಪಟ್ಟಣ ತಾಲ್ಲೂಕಿನ ಬೈಲಕುಪ್ಪೆಯಲ್ಲಿ ಸುಮಾರು 3000 ಎಕರೆ ಜಮೀನು ಕೊಟ್ಟಿತು. ಕಾಡು ಕಡಿದು, ಮುಸುಕಿನ ಜೋಳ ಬೆಳೆದು ಅವರು ಬದುಕು ಕಟ್ಟಿಕೊಂಡರು. ಅಲ್ಲಿ ಹುಟ್ಟಿದ ಎಳೆಯರು ಈಗ ಅಮೆರಿಕ, ಕೆನಡಾ, ಯೂರೋಪುಗಳಿಗೆ ಹೋಗುತ್ತಿದ್ದಾರೆ. ಅವರನ್ನು ಕೃತಘ್ನರು ಎಂದು ಯಾರೂ ಜರೆಯುವುದಿಲ್ಲ, ಜರೆಯಲೂಬಾರದು. ಟಿ. ನರಸೀಪುರದ ನೂಲು ಬಿಚ್ಚಾಣಿಕೆ ಕಾರ್ಖಾನೆಗೆ ಗೂಡು ಕೊಡುವ ರೇಷ್ಮೆ ಹುಳು ಕೂಡ ಈ ನೆಲದ್ದಲ್ಲ. ಹದಿನೆಂಟನೆಯ ಶತಮಾನದ ಕೊನೆಯಲ್ಲಿ ಟಿಪ್ಪು ಸುಲ್ತಾನ್ ಬಂಗಾಳಕ್ಕೆ ಜನರನ್ನು ಕಳಿಸಿ ತರಿಸಿದ್ದು. ಬರುವುದು, ಹೋಗುವುದು ಮನುಷ್ಯಕುಲದ ಸಹಜ ಧರ್ಮ. ನಮ್ಮ ತಕರಾರು ಹೋದವರ ಬಗ್ಗೆ ಅಲ್ಲ. ಹೋದದ್ದನ್ನೇ ದೇಶಸೇವೆ ಎಂದೂ, ಉಳಿದದ್ದನ್ನೇ ದೇಶಕ್ಕೆ ಭಾರ ಎಂದೂ ಲೆಕ್ಕ ಬರೆಯುವವರ ಬಗ್ಗೆ.

ಕಾನೂನು ಏನು ಹೇಳುತ್ತದೆ?

ಭಾವನೆಗಳನ್ನು ಪಕ್ಕಕ್ಕಿಟ್ಟು ಕಾನೂನನ್ನೇ ನೋಡೋಣ. ಭಾರತ ಎರಡು ಪೌರತ್ವಗಳನ್ನು ಒಪ್ಪುವುದಿಲ್ಲ. 1955ರ ಪೌರತ್ವ ಕಾಯ್ದೆಯ 9ನೇ ಕಲಮಿನ ಪ್ರಕಾರ ಭಾರತೀಯನೊಬ್ಬ ತಾನಾಗಿ ಬೇರೆ ದೇಶದ ಪೌರತ್ವ ಪಡೆದ ಕ್ಷಣವೇ ಅವನ ಭಾರತೀಯ ಪೌರತ್ವ ಕೊನೆಗೊಳ್ಳುತ್ತದೆ. ಅಮೆರಿಕದ ಪೌರನಾಗುವವನು ಬಲಗೈ ಎತ್ತಿ ನಿಂತು, ಈವರೆಗೆ ತಾನು ಯಾವ ದೇಶದ ಪ್ರಜೆಯಾಗಿದ್ದೆನೋ ಆ ದೇಶದ ಮೇಲಿನ ನಿಷ್ಠೆಯನ್ನೆಲ್ಲ ತೊರೆಯುವುದಾಗಿಯೂ, ಕಾನೂನು ಕೇಳಿದಾಗ ಅಮೆರಿಕದ ಪರವಾಗಿ ಆಯುಧ ಹಿಡಿಯುವುದಾಗಿಯೂ ಪ್ರಮಾಣ ಮಾಡಬೇಕು. ಇದನ್ನು ನಾವು ಕುಹಕಕ್ಕಾಗಿ ಹೇಳುತ್ತಿಲ್ಲ. ಆ ಪ್ರಮಾಣದಲ್ಲಿ ಇರುವುದೇ ಹೀಗೆ.

ಕೇಂದ್ರ ಸರ್ಕಾರ ಸಂಸತ್ತಿಗೆ ಕೊಟ್ಟ ಲೆಕ್ಕದ ಪ್ರಕಾರ 2022ರಲ್ಲಿ 2,25,620 ಮಂದಿ, 2023ರಲ್ಲಿ 2,16,219 ಮಂದಿ, 2024ರಲ್ಲಿ 2,06,378 ಮಂದಿ ಭಾರತೀಯ ಪೌರತ್ವವನ್ನು ತೊರೆದರು. ಮೂರೇ ವರ್ಷಗಳಲ್ಲಿ ಆರೂವರೆ ಲಕ್ಷ ಸಮೀಪ. ಯಾರೂ ಅವರನ್ನು ಓಡಿಸಲಿಲ್ಲ. ಯಾವ ದಂಗೆಯೂ, ಬರಗಾಲವೂ, ಯುದ್ಧವೂ ಅವರ ಬೆನ್ನು ಹತ್ತಿರಲಿಲ್ಲ. ಒಳ್ಳೆಯ ಸಂಬಳ, ಒಳ್ಳೆಯ ಗಾಳಿ, ಮಕ್ಕಳಿಗೆ ಒಳ್ಳೆಯ ಶಾಲೆ, ಎಲ್ಲಿಗೆ ಬೇಕಾದರೂ ಸಲೀಸಾಗಿ ಹೋಗಿಬರಬಹುದಾದ ಪಾಸ್‌ಪೋರ್ಟ್ ಬೇಕಿತ್ತು, ಹೋದರು. ಮನುಷ್ಯರು ಬಯಸುವುದನ್ನೇ ಬಯಸಿದರು.

ಹಾಗೆ ಹೋದವರಿಗೆ ನಮ್ಮ ಸರ್ಕಾರ ಬಾಗಿಲು ಮುಚ್ಚಲಿಲ್ಲ. 2005ರಲ್ಲಿ 'ಸಾಗರೋತ್ತರ ಭಾರತೀಯ ಪೌರ' ಎಂಬ ಕಾರ್ಡನ್ನು ಜಾರಿಗೆ ತಂದಿತು. ಆ ಕಾರ್ಡ್ ಇದ್ದವರಿಗೆ ಬದುಕಿರುವ ತನಕ ವೀಸಾದ ಗೊಡವೆ ಇಲ್ಲ. ಮತ ಹಾಕುವಂತಿಲ್ಲ, ಕೃಷಿ ಜಮೀನು ಕೊಳ್ಳುವಂತಿಲ್ಲ. ಮನೆ ಕೊಳ್ಳಬಹುದು, ವ್ಯಾಪಾರ ಮಾಡಬಹುದು, ಹಿರಿಯರಿಂದ ಬಂದ ಗದ್ದೆಯನ್ನೂ ಉಳಿಸಿಕೊಳ್ಳಬಹುದು. ಒಳ್ಳೆಯದೇ. ನೆಲದ ನಂಟನ್ನು ಒಂದು ಪ್ರಮಾಣವಚನ ಪೂರ್ತಿ ಕಡಿಯಲಾರದು ಎಂಬ ತಿಳಿವಳಿಕೆ ಇದರ ಹಿಂದಿದೆ.

ಇದೇ ತಿಳಿವಳಿಕೆ ಉಳಿದವರ ವಿಷಯದಲ್ಲಿ ಎಲ್ಲಿ ಹೋಗುತ್ತದೆ? 2019ರ ನವೆಂಬರಿನಲ್ಲಿ ಗೃಹ ಸಚಿವರು ದೇಶದಾದ್ಯಂತ ರಾಷ್ಟ್ರೀಯ ಪೌರತ್ವ ನೋಂದಣಿ ನಡೆಯಲಿದೆ ಎಂದು ರಾಜ್ಯಸಭೆಯಲ್ಲಿ ಹೇಳಿದರು. ಮರುತಿಂಗಳೇ ಪೌರತ್ವ ತಿದ್ದುಪಡಿ ಕಾಯ್ದೆ ಬಂತು. ಮೂರು ನೆರೆದೇಶಗಳಿಂದ ಬಂದ ಆರು ಧರ್ಮಗಳ ಜನರಿಗೆ ಪೌರತ್ವದ ದಾರಿ ಸುಲಭ ಮಾಡಿದ ಆ ಕಾಯ್ದೆ ಮುಸ್ಲಿಮರ ಹೆಸರನ್ನು ಮಾತ್ರ ಬಿಟ್ಟಿತು. ಆಗ ನಮ್ಮ ಮೊಹಲ್ಲಾಗಳಲ್ಲಿ ಏನಾಯಿತು ಎಂಬುದು ನಮ್ಮ ಓದುಗರಿಗೆ ಗೊತ್ತು. ಮನೆಯಲ್ಲೇ ಸೂಲಗಿತ್ತಿಯ ಕೈಯಲ್ಲಿ ಹುಟ್ಟಿದ ಅಜ್ಜಿಯ ಜನನ ಪತ್ರ ಎಲ್ಲಿಂದ ತರುವುದು? ಪಡಿತರ ಚೀಟಿಯಲ್ಲಿ ಒಂದು ಕಾಗುಣಿತ, ಮತದಾರರ ಪಟ್ಟಿಯಲ್ಲಿ ಇನ್ನೊಂದು, ಆಧಾರಿನಲ್ಲಿ ಮತ್ತೊಂದು ಇದ್ದರೆ ಗತಿ ಏನು? ಮುಸ್ಲಿಮರಿಗೆ ಮಾತ್ರ ಬಂದ ಕಷ್ಟವಲ್ಲ ಇದು. ಅಲೆಮಾರಿಗಳು, ಮದುವೆಯಾಗಿ ಬೇರೆ ಊರು ಸೇರಿದ ಹೆಂಗಸರು, ಜೀತದಿಂದ ಬಿಡಿಸಿಕೊಂಡು ಬಂದ ದಲಿತರು — ಯಾರ ಹತ್ತಿರ ತಾನೇ ತಾತನ ಕಾಲದ ಕಾಗದ ಇರುತ್ತದೆ? ಕಾಗದ ಇರುವುದು ಜಮೀನು ಇದ್ದವರ ಮನೆಯಲ್ಲಿ. ಜಮೀನು ಉತ್ತವರ ಮನೆಯಲ್ಲಲ್ಲ.

ಬೇರೆ ದೇಶಕ್ಕೆ ನಿಷ್ಠೆಯ ಪ್ರಮಾಣ ಮಾಡಿದವನಿಗೆ ಆಜೀವ ಕಾರ್ಡ್. ಯಾವ ದೇಶಕ್ಕೂ ಹೋಗದವನಿಗೆ ಸಾಬೀತುಪಡಿಸುವ ಹೊರೆ. ಇದು ಯಾವ ನ್ಯಾಯ?

ಮೀಸಲಾತಿ ಓಡಿಸಿತೇ?

ಹೋದವರ ಪರವಾಗಿ ನಮ್ಮ ಕಡೆ ಬಹುಕಾಲದಿಂದ ಕೇಳಿಬರುವ ಒಂದು ಸಮರ್ಥನೆ ಇದೆ. 'ನಮ್ಮವರನ್ನು ಮೀಸಲಾತಿ ಓಡಿಸಿತು, ಇಲ್ಲಿ ಪ್ರತಿಭೆಗೆ ಬೆಲೆ ಇರಲಿಲ್ಲ' ಎಂಬುದು. ಇದನ್ನು ಎಷ್ಟು ಸಲ ಹೇಳಲಾಗಿದೆ ಎಂದರೆ ಕೇಳುವವರೂ ತಲೆದೂಗುವ ಅಭ್ಯಾಸ ಮಾಡಿಕೊಂಡಿದ್ದಾರೆ.

ಸ್ವಲ್ಪ ಯೋಚಿಸೋಣ. ವೈದ್ಯನಾಗಿ ವಿದೇಶಕ್ಕೆ ಹೋದವನು ಇಲ್ಲಿ ವೈದ್ಯಕೀಯ ಸೀಟು ಸಿಗದೆ ಹೋದವನಲ್ಲ. ಸೀಟು ಸಿಕ್ಕಿದ್ದರಿಂದಲೇ ಹೋದವನು. ಮೈಸೂರಿನ ವೈದ್ಯಕೀಯ ಕಾಲೇಜು 1924ರಿಂದ ಸಾರ್ವಜನಿಕರ ಹಣದಲ್ಲಿ ನಡೆದು ಬಂದಿದೆ. ಆ ಹಣದಲ್ಲಿ ನಂಜನಗೂಡಿನ ಬಾಳೆ ಬೆಳೆಗಾರನ ತೆರಿಗೆಯೂ ಇದೆ, ನರಸೀಪುರದ ಕೂಲಿಯವಳು ಕೊಂಡ ಸೀಮೆಎಣ್ಣೆಯ ತೆರಿಗೆಯೂ ಇದೆ. ಹಳೆಯ ಮೈಸೂರು ಸಂಸ್ಥಾನದಲ್ಲಿ ಹಿಂದುಳಿದವರ ಪ್ರಾತಿನಿಧ್ಯದ ಪ್ರಶ್ನೆಯನ್ನು ಮಿಲ್ಲರ್ ಸಮಿತಿ ಎತ್ತಿಕೊಂಡದ್ದು 1918ರಲ್ಲಿ. ಅಮೆರಿಕ ಏಷ್ಯಾದವರಿಗೆ ದೊಡ್ಡ ಪ್ರಮಾಣದಲ್ಲಿ ಬಾಗಿಲು ತೆರೆದದ್ದು 1965ರ ವಲಸೆ ಕಾನೂನಿನಿಂದ. ಜನ ಗುಂಪುಗುಂಪಾಗಿ ಹೊರಟದ್ದು ಬಾಗಿಲು ತೆರೆದ ಮೇಲೆ. ಮೀಸಲಾತಿಯೇ ಓಡಿಸಿದ್ದಾದರೆ ಪಂಜಾಬಿನ ಭೂಮಾಲೀಕ ರೈತ ಕೆನಡಾಕ್ಕೆ ಯಾಕೆ ಹೋದ? ಕೇರಳದ ಕ್ರೈಸ್ತ ನರ್ಸ್ ಜರ್ಮನಿಗೆ ಯಾಕೆ ಹೋದಳು? ಆಂಧ್ರದ ಬಲಾಢ್ಯ ಜಾತಿಗಳ ಹುಡುಗರು ಟೆಕ್ಸಾಸಿಗೆ ಯಾಕೆ ಹೋದರು?

ಕಾವೇರಿ, ಕಪಿಲೆಯ ದಂಡೆಯ ಅಗ್ರಹಾರಗಳಿಂದ ಮೈಸೂರಿಗೆ, ಮೈಸೂರಿನಿಂದ ಬೆಂಗಳೂರಿಗೆ, ಅಲ್ಲಿಂದ ಹೊರದೇಶಕ್ಕೆ ಎಂಬ ದಾರಿ ಸವೆದದ್ದು ಓದಿನಿಂದ, ಇಂಗ್ಲಿಷಿನಿಂದ, ಮೊದಲು ಹೋದವರ ನೆರವಿನಿಂದ. ದೇವರಾಜ ಅರಸರ ಕಾಲದ 1974ರ ಭೂಸುಧಾರಣೆಗಿಂತ ಎಷ್ಟೋ ಮೊದಲೇ ಆ ಪಯಣ ಶುರುವಾಗಿತ್ತು. ಅವಕಾಶ ಇದ್ದವರು ಹೆಚ್ಚಿನ ಅವಕಾಶ ಹುಡುಕಿಕೊಂಡು ಹೋದರು. ಅದನ್ನು ಹಾಗೆಂದೇ ಹೇಳಿದರೆ ನಮಗೆ ಯಾವ ಜಗಳವೂ ಇಲ್ಲ. ಆದರೆ ಹೋದ ತಪ್ಪನ್ನು, ಅದು ತಪ್ಪೇ ಆಗಿದ್ದರೆ, ಇಲ್ಲಿ ಉಳಿದ ದಲಿತನ ತಲೆಗೆ ಕಟ್ಟುವುದು ಯಾವ ಸೀಮೆಯ ಪ್ರಾಮಾಣಿಕತೆ?

ದೇಶ ಬಿಟ್ಟು ಮರಳದಿರಲು ಯಾರಿಗಾದರೂ ನಿಜವಾದ ಕಾರಣ ಇದ್ದದ್ದಾದರೆ ಅದು ಅಂಬೇಡ್ಕರರಿಗೆ ಇತ್ತು. 1913ರಲ್ಲಿ ಬರೋಡ ಸಂಸ್ಥಾನದ ವಿದ್ಯಾರ್ಥಿವೇತನದಲ್ಲಿ ನ್ಯೂಯಾರ್ಕಿನ ಕೊಲಂಬಿಯಾ ವಿಶ್ವವಿದ್ಯಾಲಯಕ್ಕೆ ಹೋದ ಅವರು 1917ರಲ್ಲಿ ಬರೋಡಕ್ಕೆ ನೌಕರಿಗೆ ಬಂದಾಗ ತಲೆ ಮೇಲೆ ಸೂರು ಸಿಗಲಿಲ್ಲ. ಪಾರ್ಸಿ ವಸತಿಗೃಹದಿಂದ ಅವರನ್ನು ಹೊರಹಾಕಲಾಯಿತು. ಅಷ್ಟಾದರೂ ಅವರು ಈ ದೇಶವನ್ನು ಬಿಡಲಿಲ್ಲ. ಅದಕ್ಕೆ ಸಂವಿಧಾನವನ್ನು ಬರೆದುಕೊಟ್ಟರು. ಪ್ರತಿಭೆಗೆ ಬೆಲೆ ಇಲ್ಲವೆಂದು ಗೊಣಗುವವರು ಈ ಒಂದು ಬದುಕಿನ ಎದುರು ಸುಮ್ಮನಾಗಬೇಕು.

ಹೋಗಿಯೂ ಹೋಗದವರು

ಹೊರದೇಶಕ್ಕೆ ಹೋದವರಲ್ಲಿ ಇನ್ನೊಂದು ವರ್ಗವಿದೆ. ಅವರಿಗೆ ಶಾಲು ಹೊದಿಸುವ ಪದ್ಧತಿ ಇಲ್ಲ. ದುಬೈ, ರಿಯಾದ್, ದೋಹಾ, ಕುವೈತುಗಳಲ್ಲಿ ಚಾಲಕರಾಗಿ, ವೆಲ್ಡರುಗಳಾಗಿ, ಅಡುಗೆಯವರಾಗಿ, ಮನೆಗೆಲಸದವರಾಗಿ ದುಡಿಯುವವರು. ಅವರಲ್ಲಿ ಹಿಂದೂಗಳೂ ಇದ್ದಾರೆ, ಕ್ರೈಸ್ತರೂ ಇದ್ದಾರೆ. ಆದರೆ ನಮ್ಮ ನಾಡಿನಲ್ಲಿ 'ಗಲ್ಫ್' ಎಂದರೆ ಮುಸ್ಲಿಮ್ ಎಂದೂ, 'ಅಮೆರಿಕ' ಎಂದರೆ ಪ್ರತಿಭೆ ಎಂದೂ ಅರ್ಥ ಮಾಡಿಕೊಳ್ಳುವ ರೂಢಿ ಬೆಳೆದಿದೆ.

ಗಲ್ಫಿನ ದೇಶಗಳು ಕೂಲಿಕಾರನಿಗೆ ಪೌರತ್ವ ಕೊಡುವುದಿಲ್ಲ. ಮೂವತ್ತು ವರ್ಷ ದುಡಿದರೂ ಅವನು ಅಲ್ಲಿ ಹೊರಗಿನವನೇ. ಕೆಲಸ ಮುಗಿದ ದಿನ ವೀಸಾ ಮುಗಿಯುತ್ತದೆ. ಹಾಗಾಗಿ ಅವನು ಹೋದ ದಿನದಿಂದಲೇ ಮರಳುವ ದಿನವನ್ನು ಎಣಿಸುತ್ತಾನೆ. ಅವನ ಪಾಸ್‌ಪೋರ್ಟು ಭಾರತದ್ದು, ಸಾಲ ಭಾರತದ್ದು, ಕಟ್ಟಿಸುತ್ತಿರುವ ಎರಡು ಕೋಣೆಯ ಮನೆ ಭಾರತದ್ದು. 2010ರ ಮೇ 22ರಂದು ದುಬೈಯಿಂದ ಬಂದ ವಿಮಾನ ಮಂಗಳೂರಿನಲ್ಲಿ ಇಳಿಯುವಾಗ ಕಮರಿಗೆ ಬಿದ್ದು 158 ಮಂದಿ ಸತ್ತರು. ಊರಿಗೆ ಮರಳುತ್ತಿದ್ದ ಬಡಜನರೇ ಅವರಲ್ಲಿ ಬಹಳ. ಅವರು ದೇಶ ಬಿಟ್ಟವರಲ್ಲ, ದೇಶಕ್ಕೆ ಬರುತ್ತಿದ್ದವರು.

ಅವರ ದುಡಿಮೆಯ ಲೆಕ್ಕವೂ ಇದೆ. ರಿಸರ್ವ್ ಬ್ಯಾಂಕಿನ 2023-24ರ ಸಮೀಕ್ಷೆಯ ಪ್ರಕಾರ ಹೊರದೇಶಗಳಿಂದ ಭಾರತಕ್ಕೆ ಬರುವ ಹಣದಲ್ಲಿ ಅಮೆರಿಕದ ಪಾಲು ಶೇ. 27.7; ಗಲ್ಫಿನ ಆರು ದೇಶಗಳ ಪಾಲು ಒಟ್ಟು ಸೇರಿ ಸುಮಾರು ಶೇ. 38. ಕಂಪ್ಯೂಟರಿನ ಮುಂದೆ ಕೂತು ಗಳಿಸಿದವರಿಗಿಂತ ಬಿಸಿಲಿನಲ್ಲಿ ನಿಂತು ಗಳಿಸಿದವರ ನಾಡಿನಿಂದ ಇನ್ನೂ ಹೆಚ್ಚು ಬರುತ್ತಿದೆ. ಇಷ್ಟಾದರೂ ಅನಿವಾಸಿ ಮತದಾರ ಊರಿಗೆ ಬಂದೇ ಮತ ಹಾಕಬೇಕು. ಒಂದು ಮತಕ್ಕಾಗಿ ಎರಡು ತಿಂಗಳ ಉಳಿತಾಯವನ್ನು ವಿಮಾನಕ್ಕೆ ಸುರಿಯಲು ಯಾವ ವೆಲ್ಡರಿಗೆ ಸಾಧ್ಯ?

ಇನ್ನು ಹಕ್ಕಿಪಿಕ್ಕಿಗಳನ್ನು ನೋಡಿ. ಹುಣಸೂರು ತಾಲ್ಲೂಕಿನ ಪಕ್ಷಿರಾಜಪುರದಂಥ ಹಾಡಿಗಳಿಂದ ಗಿಡಮೂಲಿಕೆ, ತಲೆಗೆ ಹಚ್ಚುವ ಎಣ್ಣೆ ಹೊತ್ತುಕೊಂಡು ಆಫ್ರಿಕಾದ ದೇಶಗಳನ್ನು ಸುತ್ತುವ ಜನ. 2023ರ ಏಪ್ರಿಲಿನಲ್ಲಿ ಸುಡಾನಿನಲ್ಲಿ ಅಂತರ್ಯುದ್ಧ ಹೊತ್ತಿಕೊಂಡಾಗ ಕರ್ನಾಟಕದ ಅನೇಕ ಹಕ್ಕಿಪಿಕ್ಕಿಗಳು ಅಲ್ಲಿ ಸಿಕ್ಕಿಬಿದ್ದರು. ಭಾರತೀಯರನ್ನು ಕರೆತಂದ ಕಾರ್ಯಾಚರಣೆಗೆ ಸರ್ಕಾರ ಇಟ್ಟ ಹೆಸರು 'ಆಪರೇಷನ್ ಕಾವೇರಿ'. ಕಾವೇರಿಯ ಹೆಸರು ಅವರಿಗೆ ಒಪ್ಪುವಂಥದ್ದೇ, ಯಾಕೆಂದರೆ ಅವರು ಮರಳಲಿಕ್ಕೆಂದೇ ಹೋದವರು. ಇವರಿಗೆ ಯಾವ ಊರಿನಲ್ಲಿ ಸನ್ಮಾನವಾಗಿದೆ? ಯಾವ ಶಾಲೆ ಇವರನ್ನು ಕರೆದು ಮಕ್ಕಳಿಗೆ ಮಾತನಾಡಿಸಿದೆ?

ನೆನಪಿನ ಹಳ್ಳಿ, ನಿಜದ ಹಳ್ಳಿ

ಟಿ. ನರಸೀಪುರ ತಾಲ್ಲೂಕಿನ ಕೊಡಗಹಳ್ಳಿ ಜಗತ್ತಿನ ಸಮಾಜಶಾಸ್ತ್ರಕ್ಕೆ 'ರಾಮಪುರ' ಎಂಬ ಹೆಸರಿನಿಂದ ಗೊತ್ತು. ಎಂ.ಎನ್. ಶ್ರೀನಿವಾಸ್ 1948ರಲ್ಲಿ ಅಲ್ಲಿದ್ದು ಅಧ್ಯಯನ ಮಾಡಿದರು. ಆಕ್ಸ್‌ಫರ್ಡಿನಲ್ಲಿ ಅಧ್ಯಾಪಕರಾಗಿದ್ದ ಅವರು ಅಲ್ಲೇ ನಿಲ್ಲದೆ 1951ರಲ್ಲಿ ಬರೋಡಕ್ಕೆ ಬಂದರು. 1970ರಲ್ಲಿ ಅಮೆರಿಕದ ಸ್ಟ್ಯಾನ್‌ಫರ್ಡಿನಲ್ಲಿ ಅವರ ಟಿಪ್ಪಣಿಗಳು ಬೆಂಕಿಗೆ ಆಹುತಿಯಾದಾಗ ನೆನಪಿನಿಂದಲೇ ಆ ಹಳ್ಳಿಯ ಬಗ್ಗೆ ಪುಸ್ತಕ ಬರೆದರು. ನೆನಪಿನಿಂದ ಬರೆದರೂ ಅವರು ಹಳ್ಳಿಯ ಜಾತಿಯನ್ನಾಗಲಿ, ಬಲಾಢ್ಯರ ದರ್ಬಾರನ್ನಾಗಲಿ ಮರೆಯಲಿಲ್ಲ. ಊರಿನ ಮುಸ್ಲಿಮರನ್ನೂ ಬಿಡಲಿಲ್ಲ.

ವಿದೇಶದಲ್ಲಿ ನೆಲೆಸಿದ ನಮ್ಮ ಅನೇಕರ ನೆನಪಿನ ಹಳ್ಳಿ ಹೀಗಿಲ್ಲ. ಅದರಲ್ಲಿ ನಂಜುಂಡೇಶ್ವರನ ದೊಡ್ಡ ಜಾತ್ರೆಯ ತೇರು ಇದೆ. ತೇರಿನ ದಾರಿಯಲ್ಲಿ ಅಂಗಡಿ ಹಾಕುವ ಸಾಬರು ಇಲ್ಲ. ರಸಬಾಳೆ ಇದೆ, ತೋಟದ ಆಳು ಇಲ್ಲ. ತ್ರಿವೇಣಿ ಸಂಗಮ ಇದೆ. ಸಂಗಮದ ಆಚೆಯ ಹೊಲೆಗೇರಿ ಇಲ್ಲ. ನಂಜನಗೂಡು ತಾಲ್ಲೂಕಿನ ಬದನವಾಳು ಇಲ್ಲ. 1993ರಲ್ಲಿ ಅಲ್ಲಿ ಮೂವರು ದಲಿತರ ಕೊಲೆಯಾಯಿತು ಎಂಬ ನೆನಪೂ ಇಲ್ಲ. ನಂಜುಂಡೇಶ್ವರನಿಗೆ 'ಹಕೀಮ್ ನಂಜುಂಡ' ಎಂಬ ಹೆಸರು ಬಂದುದು ಟಿಪ್ಪುವಿನ ಆನೆಯ ಕಣ್ಣು ವಾಸಿಯಾದದ್ದರಿಂದ, ಕೃತಜ್ಞತೆಗೆ ಆತ ಪಚ್ಚೆ ಲಿಂಗ ಕೊಟ್ಟ ಎಂದು ಊರಿನ ಜನ ಇಂದಿಗೂ ಹೇಳುತ್ತಾರೆ. ದೂರದ ದೇಶದಲ್ಲಿ ಬೆಳೆದ ಭಕ್ತಿಗೆ ಈ ಉರ್ದು ಪದ ಒಗ್ಗುವುದಿಲ್ಲ.

ಇಂಥ ತೊಳೆದಿಟ್ಟ ನೆನಪಿನಿಂದ ಹುಟ್ಟುವ ದೇಶಪ್ರೇಮಕ್ಕೆ ಖರ್ಚು ಕಡಿಮೆ. ಇಲ್ಲಿ ಗಲಭೆಯಾದರೆ ಅವರ ಬೀದಿಯಲ್ಲಿ ಕರ್ಫ್ಯೂ ಇಲ್ಲ. ಅವರ ಅಂಗಡಿ ಸುಡುವುದಿಲ್ಲ, ಮಗಳ ಪರೀಕ್ಷೆ ನಿಲ್ಲುವುದಿಲ್ಲ. ಪರದೇಶದಲ್ಲಿ ತಾವು ಅಲ್ಪಸಂಖ್ಯಾತರಾಗಿ, ಆ ದೇಶದ ಜಾತ್ಯತೀತ ಕಾನೂನಿನ ನೆರಳಿನಲ್ಲಿ ದೇವಸ್ಥಾನ ಕಟ್ಟಿಕೊಂಡು, ತಮ್ಮ ಹಬ್ಬಕ್ಕೆ ಶಾಲೆಯ ರಜೆ ಕೇಳುತ್ತಾರೆ. ಕೇಳಬೇಕಾದದ್ದೇ. ಆದರೆ ಅವರಲ್ಲೇ ಕೆಲವರು ಹುಟ್ಟೂರಿನ ಅಲ್ಪಸಂಖ್ಯಾತರಿಗೆ ಬಾಲ ಮುದುರಿಕೊಂಡಿರಲು ಉಪದೇಶಿಸುತ್ತಾರೆ. ಜಾತಿಯನ್ನೂ ಪೆಟ್ಟಿಗೆಯಲ್ಲಿಟ್ಟುಕೊಂಡೇ ಹೋದವರಿದ್ದಾರೆ. 2023ರ ಫೆಬ್ರವರಿಯಲ್ಲಿ ಅಮೆರಿಕದ ಸಿಯಾಟಲ್ ನಗರ ಜಾತಿ ತಾರತಮ್ಯವನ್ನು ನಿಷೇಧಿಸಬೇಕಾಗಿ ಬಂತು. ಅದೇ ವರ್ಷ ಕ್ಯಾಲಿಫೋರ್ನಿಯಾದಲ್ಲಿ ಅಂಥದೇ ಮಸೂದೆ ಶಾಸನಸಭೆಯಲ್ಲಿ ಗೆದ್ದು ಗವರ್ನರರ ಮೇಜಿನ ಮೇಲೆ ಬಿತ್ತು. ಅದನ್ನು ವಿರೋಧಿಸಿದವರಲ್ಲಿ ನಮ್ಮ ದೇಶದಿಂದ ಹೋದವರೇ ಮುಂದಿದ್ದರು.

ಎಲ್ಲರೂ ಹೀಗಿದ್ದಾರೆ ಎಂದು ನಾವು ಹೇಳುತ್ತಿಲ್ಲ. ಊರಿನ ಶಾಲೆಗೆ ಸದ್ದಿಲ್ಲದೆ ಕೊಠಡಿ ಕಟ್ಟಿಸಿಕೊಟ್ಟವರು, ಬಡ ಹುಡುಗಿಯ ಓದಿಗೆ ಹಣ ಕಳಿಸುವವರು, ಅಲ್ಲಿದ್ದುಕೊಂಡೇ ಇಲ್ಲಿನ ಅನ್ಯಾಯದ ವಿರುದ್ಧ ಬರೆಯುವವರು ಇದ್ದಾರೆ. ಅವರಿಗೆ ನಮ್ಮ ಸಲಾಮು. ಆದರೆ ಸಲಾಮು ಅವರ ಕೆಲಸಕ್ಕೆ; ಅವರ ಪಾಸ್‌ಪೋರ್ಟಿನ ಬಣ್ಣಕ್ಕಲ್ಲ.

ಒಂದೇ ಬೈಗುಳದ ಪಯಣ

'ಪಾಕಿಸ್ತಾನಕ್ಕೆ ಹೋಗು' ಎಂಬ ಬೈಗುಳ ಮುಸ್ಲಿಮರಿಗೆ ಮಾತ್ರ ಮೀಸಲು ಎಂದು ಭಾವಿಸಿದವರು 2014ನ್ನು ನೆನಪಿಸಿಕೊಳ್ಳಲಿ. ಬಹುಕಾಲ ಮೈಸೂರಿನಲ್ಲಿ ಪಾಠ ಹೇಳಿದ, ಬರ್ಮಿಂಗ್‌ಹ್ಯಾಮಿನಲ್ಲಿ ಓದು ಮುಗಿಸಿ ಊರಿಗೆ ಮರಳಿದ ಯು.ಆರ್. ಅನಂತಮೂರ್ತಿಯವರಿಗೆ, ಅವರು ಆಡಿದ ಒಂದು ರಾಜಕೀಯ ಮಾತಿಗಾಗಿ, ಕರಾಚಿಗೆ ವಿಮಾನದ ಟಿಕೆಟ್ ಕಳಿಸಲಾಯಿತು. ಅದೇ ವರ್ಷ ಅವರು ತೀರಿಕೊಂಡರು. ಬಾಣ ಮೊದಲು ನಮ್ಮ ಕಡೆ ಬಂತು. ಆಮೇಲೆ ಒಪ್ಪದವರೆಲ್ಲರ ಕಡೆಗೂ ತಿರುಗಿತು. 2024ರ ಸೆಪ್ಟೆಂಬರಿನಲ್ಲಿ ಸುಪ್ರೀಂ ಕೋರ್ಟೇ ಭಾರತದ ಯಾವ ಭಾಗವನ್ನೂ ಯಾರೂ ಪಾಕಿಸ್ತಾನ ಎಂದು ಕರೆಯುವಂತಿಲ್ಲ ಎಂದು ಹೇಳಬೇಕಾಯಿತು. ಆ ಪ್ರಸಂಗ ಹುಟ್ಟಿದ್ದು ನಮ್ಮ ಬೆಂಗಳೂರಿನ ಒಂದು ಬಡಾವಣೆಯ ಬಗ್ಗೆ ನ್ಯಾಯಾಲಯದಲ್ಲೇ ಆಡಿದ ಮಾತಿನಿಂದ.

ಈ ಬೈಗುಳಕ್ಕೆ ವೀಸಾ ಬೇಡ. ಎಲ್ಲ ದೇಶಗಳಲ್ಲೂ ಓಡಾಡುತ್ತದೆ. 2017ರ ಫೆಬ್ರವರಿಯಲ್ಲಿ ಅಮೆರಿಕದ ಕಾನ್ಸಾಸಿನಲ್ಲಿ ಹೈದರಾಬಾದಿನಿಂದ ಹೋಗಿದ್ದ ಒಬ್ಬ ತರುಣ ಎಂಜಿನಿಯರನನ್ನು ಗುಂಡಿಟ್ಟು ಕೊಂದವನು 'ನನ್ನ ದೇಶ ಬಿಟ್ಟು ತೊಲಗು' ಎಂದು ಕೂಗಿದ್ದ. ತಾನು ಕೊಂದದ್ದು ಇರಾನಿನವರನ್ನು ಎಂದು ಆಮೇಲೆ ಹೇಳಿಕೊಂಡ. ದ್ವೇಷಕ್ಕೆ ಹೆಸರು, ಧರ್ಮ, ಜನಿವಾರ ಯಾವುದೂ ಕಾಣಿಸದು. ಮೈಬಣ್ಣ ಮಾತ್ರ ಕಂಡಿತು. 2025ರ ಫೆಬ್ರವರಿ 5ರಂದು 104 ಭಾರತೀಯರನ್ನು ಕೈಕಾಲಿಗೆ ಸಂಕೋಲೆ ಹಾಕಿ ಅಮೆರಿಕದ ಸೇನಾ ವಿಮಾನದಲ್ಲಿ ಅಮೃತಸರಕ್ಕೆ ತಂದು ಇಳಿಸಲಾಯಿತು. ಅದೇ ವರ್ಷದ ಸೆಪ್ಟೆಂಬರಿನಲ್ಲಿ ಹೊಸ ಎಚ್-1ಬಿ ವೀಸಾ ಅರ್ಜಿಗಳ ಮೇಲೆ ಒಂದು ಲಕ್ಷ ಡಾಲರ್ ಶುಲ್ಕ ಹೇರುವ ಆದೇಶ ಹೊರಬಿತ್ತು. ಬೀದಿಯಲ್ಲಿ ಹುಟ್ಟಿದ ಬೈಗುಳ ಸರ್ಕಾರದ ಆದೇಶವಾಗಲು ಬಹಳ ಕಾಲ ಬೇಕಿಲ್ಲ ಎಂಬುದಕ್ಕೆ ಇದೇ ಸಾಕ್ಷಿ. ಅಲ್ಲಿ ನೊಂದ ಅನಿವಾಸಿಗಳ ಜೊತೆ ನಾವಿದ್ದೇವೆ. ಅವರೂ ಇಲ್ಲಿ ನೊಂದವರ ಜೊತೆ ನಿಲ್ಲಬೇಕೆಂದು ಕೇಳುವ ಹಕ್ಕು ನಮಗಿದೆ.

ನಮ್ಮವರಿಗೂ ಒಂದು ಮಾತು

ಇಷ್ಟು ಹೇಳಿ ನಿಲ್ಲಿಸಿದರೆ ಪ್ರಾಮಾಣಿಕತೆಯಾಗದು. ಓದಿದ ಮುಸ್ಲಿಮ್ ಮನೆಗಳಲ್ಲಿ ಇತ್ತೀಚೆಗೆ ಬೇರೊಂದು ಮಾತು ಕೇಳಿಬರುತ್ತಿದೆ: 'ಇಲ್ಲಿ ಭವಿಷ್ಯವಿಲ್ಲ, ಕೆನಡಾಕ್ಕೋ ಆಸ್ಟ್ರೇಲಿಯಾಕ್ಕೋ ಹೋಗಿಬಿಡೋಣ.' ಅದರ ಹಿಂದಿನ ನೋವು ನಮಗೆ ಅರ್ಥವಾಗುತ್ತದೆ. ಬಾಡಿಗೆಗೆ ಮನೆ ಸಿಗದವನಿಗೆ, ಹೆಸರು ಕೇಳಿದೊಡನೆ ಸಂದರ್ಶನ ಮುಗಿದುಹೋದವನಿಗೆ ಧೈರ್ಯ ಹೇಳುವುದು ಸುಲಭವಲ್ಲ. ಆದರೂ ಇತಿಹಾಸದ ಒಂದು ಪುಟವನ್ನು ತಿರುವಿ ನೋಡೋಣ.

1920ರಲ್ಲಿ, ಖಿಲಾಫತ್ ಚಳವಳಿಯ ಕಾವಿನಲ್ಲಿ, ಬ್ರಿಟಿಷರ ಆಳ್ವಿಕೆಯ ಭಾರತವನ್ನು ಬಿಟ್ಟು ಅಫ್ಘಾನಿಸ್ತಾನಕ್ಕೆ ಹಿಜ್ರತ್ ಹೋಗಬೇಕೆಂಬ ಕರೆ ಎದ್ದಿತು. ಮೌಲಾನಾ ಆಜಾದರೂ ಅದರ ಪರವಾಗಿ ಫತ್ವಾ ಕೊಟ್ಟರು. ಸಿಂಧ್, ವಾಯವ್ಯ ಗಡಿ ಪ್ರಾಂತ್ಯಗಳ ಸಾವಿರಾರು ಬಡವರು ಹೊಲ, ಮನೆ, ಎತ್ತುಗಳನ್ನು ಸಿಕ್ಕ ಬೆಲೆಗೆ ಮಾರಿ ಹೊರಟರು. ಕೆಲವೇ ವಾರಗಳಲ್ಲಿ ಅಫ್ಘಾನ್ ಸರ್ಕಾರ ಗಡಿ ಮುಚ್ಚಿತು. ದಾರಿಯಲ್ಲೇ ಎಷ್ಟೋ ಜನ ಸತ್ತರು. ಮರಳಿದವರಿಗೆ ಮನೆಯೂ ಇರಲಿಲ್ಲ, ಹೊಲವೂ ಇರಲಿಲ್ಲ. ಅದೇ ಆಜಾದರು ವಿಭಜನೆಯ ನಂತರ ದೆಹಲಿಯ ಜಾಮಾ ಮಸೀದಿಯಲ್ಲಿ ನಿಂತು ಓಡಿಹೋಗುತ್ತಿದ್ದವರಿಗೆ 'ನಿಲ್ಲಿ' ಎಂದು ಹೇಳಿದರು. ಇಪ್ಪತ್ತೇಳು ವರ್ಷಗಳಲ್ಲಿ ಅವರು ಕಲಿತ ಪಾಠ ಅದು.

ಮೈಸೂರು ಸಂಸ್ಥಾನದ ಮುಸ್ಲಿಮರಲ್ಲಿ ಬಹುಪಾಲು ಜನ ಇಲ್ಲೇ ನಿಂತರು. 1926ರಿಂದ 1941ರವರೆಗೆ ಮೈಸೂರಿನ ದಿವಾನರಾಗಿದ್ದ ಸರ್ ಮಿರ್ಜಾ ಇಸ್ಮಾಯಿಲ್ ದೇಶ ಒಡೆಯುವುದನ್ನು ವಿರೋಧಿಸಿದರು. 1959ರಲ್ಲಿ ಬೆಂಗಳೂರಿನಲ್ಲೇ ಕಣ್ಣು ಮುಚ್ಚಿದರು. ಅವರ ಅಜ್ಜ ಅಲಿ ಅಸ್ಕರ್ 1824ರಲ್ಲಿ ಪರ್ಷಿಯಾದ ಶಿರಾಜಿನಿಂದ ಕುದುರೆ ವ್ಯಾಪಾರಕ್ಕೆ ಬಂದವರು. ಪರದೇಶಿಯಾಗಿ ಬಂದ ಮನೆತನ ಮೂರನೆಯ ತಲೆಮಾರಿಗೆ ಮೈಸೂರಿನದಾಯಿತು. ಹಾಗಾಗಲು ಅವರಿಗೆ ಬೇಕಾದದ್ದು ದುಡಿಮೆ ಮತ್ತು ನಂಬಿಕೆ.

ಆದ್ದರಿಂದ ನಮ್ಮ ಮಕ್ಕಳು ಹೋಗಲಿ, ಓದಲಿ, ಗಳಿಸಲಿ. ಅಲ್ಲೇ ನೆಲೆಸುವುದು ಅವರ ಆಯ್ಕೆಯಾದರೆ ನೆಲೆಸಲಿ. ಆದರೆ ಭಯ ಅವರ ಟಿಕೆಟ್ ಕೊಳ್ಳಬಾರದು. ಓದಿದವರೆಲ್ಲ ಭಯದಿಂದ ಹೊರಟರೆ ಹಿಂದೆ ಉಳಿಯುವವರು ಯಾರು? ಗ್ಯಾರೇಜಿನ ಹುಡುಗ, ಅಗರಬತ್ತಿ ಹೊಸೆಯುವ ಹೆಂಗಸು, ತಳ್ಳುಗಾಡಿಯ ಮುದುಕ. ಅವರಿಗೆ ಅರ್ಜಿ ಬರೆದುಕೊಡಲು, ಪೊಲೀಸ್ ಠಾಣೆಗೆ ಜೊತೆಯಲ್ಲಿ ಹೋಗಲು, ನಗರಸಭೆಯಲ್ಲಿ ಮಾತನಾಡಲು ಯಾರೂ ಇರುವುದಿಲ್ಲ. 'ಹೋಗು' ಎನ್ನುವವನ ಮಾತು ಆಗ ನಮ್ಮ ಕೈಯಿಂದಲೇ ನಿಜವಾಗುತ್ತದೆ.

ನಾವು ಕೇಳುವುದು

ನಂಜನಗೂಡಿನ ಕೈಗಾರಿಕಾ ಪ್ರದೇಶದಲ್ಲಿ ಸ್ವಿಟ್ಜರ್ಲೆಂಡಿನ ಕಂಪನಿಯ ಕಾರ್ಖಾನೆ ಇದೆ, ಆಸ್ಟ್ರಿಯಾದ ಕಂಪನಿಯ ಕಾರ್ಖಾನೆ ಇದೆ. ಹೊರದೇಶದ ಬಂಡವಾಳ ಇಲ್ಲಿಗೆ ಬಂದು ನೆಲೆಯೂರಬಹುದಾದರೆ ಇಲ್ಲಿಯ ಹುಡುಗನಿಗೆ ಇಲ್ಲೇ ಗೌರವದ, ಕಾಯಂ ಆದ ಕೆಲಸವನ್ನು ಕೇಳುವುದು ಅತಿಯಾಸೆಯಲ್ಲ. ತಾಲ್ಲೂಕು ಆಸ್ಪತ್ರೆಯಲ್ಲಿ ತಜ್ಞ ವೈದ್ಯರಿರಬೇಕು, ಸರ್ಕಾರಿ ಶಾಲೆಯಲ್ಲಿ ಗಣಿತದ ಮೇಷ್ಟ್ರು ಇರಬೇಕು. ಹಾರ ತುರಾಯಿಗಳ ಸನ್ಮಾನಕ್ಕಿಂತ ಇಂಥವೇ ಜನರನ್ನು ಊರಿನಲ್ಲಿ ಉಳಿಸುತ್ತವೆ, ಹೋದವರನ್ನೂ ಮರಳಿಸುತ್ತವೆ.

ಸರ್ಕಾರಕ್ಕೆ ನಾವು ಹೇಳುವುದಿಷ್ಟು. ದೇಶ ಬಿಟ್ಟವರನ್ನು ನಂಬಿ ಆಜೀವ ಕಾರ್ಡು ಕೊಟ್ಟಿದ್ದೀರಿ. ದೇಶದಲ್ಲೇ ಇದ್ದವರನ್ನೂ ಅಷ್ಟೇ ನಂಬಿ. ಅವರ ಬದುಕೇ ಅವರ ದಾಖಲೆ. ಶಾಲೆಗಳ ಆಡಳಿತ ಮಂಡಳಿಗಳಿಗೂ ಒಂದು ಮಾತು: ಮುಂದಿನ ವಾರ್ಷಿಕೋತ್ಸವಕ್ಕೆ ಅಮೆರಿಕದಿಂದ ಬಂದ ಹಳೆಯ ವಿದ್ಯಾರ್ಥಿಯನ್ನು ಅವಶ್ಯ ಕರೆಯಿರಿ. ಅವನ ಪಕ್ಕದ ಕುರ್ಚಿಯಲ್ಲಿ, ಅದೇ ಶಾಲೆಯಲ್ಲಿ ಓದಿ ಇದೇ ಊರಿನಲ್ಲಿ ಮೂವತ್ತು ವರ್ಷ ಆಟೋ ಓಡಿಸಿದವನನ್ನೂ, ನೂಲು ಬಿಚ್ಚಾಣಿಕೆಯ ಬಿಸಿನೀರಿನಲ್ಲಿ ಬೆರಳು ಬೇಯಿಸಿಕೊಂಡವಳನ್ನೂ ಕೂರಿಸಿ. ಶಾಲು ಒಂದೇ ಬೆಲೆಯದಾಗಿರಲಿ.

ಹೋಗುವ ಹಕ್ಕು ಎಲ್ಲರದೂ ಹೌದು. ಆದರೆ ಇರುವ ಹಕ್ಕು ಅದಕ್ಕಿಂತ ಮೊದಲಿನದು. ಅದನ್ನು ಯಾರೂ ನಮಗೆ ಕೊಟ್ಟಿಲ್ಲ. ಹಾಗಾಗಿ ಯಾರೂ ಕಿತ್ತುಕೊಳ್ಳುವಂತೆಯೂ ಇಲ್ಲ.